ಗಣಕದ ಜೀರ್ಣೋದ್ಧಾರ

ಶೃಂಗೇರಿಯಿಂದ ಹತ್ತು ಕಿಲೋಮೀಟರಿನಷ್ಟು ದೂರದಲ್ಲಿ, ನರಸಿಂಹ ಪರ್ವತದ ಆಸರೆಯಲ್ಲಿರುವ ಕಿಗ್ಗ ಗ್ರಾಮದ ಹೆಸರು ಮಳೆಗಾಲದುದ್ದಕ್ಕೂ ವೃತ್ತಪತ್ರಿಕೆಗಳ ಮಳೆಯ ಪಟ್ಟಿಯಲ್ಲಿ ಆಗಾಗ ಕಾಣಿಸುವಂಥದು. ತನ್ನ ಆಗಮನಮಾತ್ರದಿಂದ ಅಂಗದೇಶದ ಕ್ಷಾಮವನ್ನು ನೀಗಿಸಿದನೆಂದು ರಾಮಾಯಣವು ವರ್ಣಿಸುವ ಋಷ್ಯಶೃಂಗನ ಸನ್ನಿಧಾನವೆಂದು ಪ್ರಖ್ಯಾತವಾದ ಇಲ್ಲಿಯ ದೇವಾಲಯದಲ್ಲಿ, ಮಳೆ ಬಾರದಿದ್ದಾಗ ಮಳೆಗಾಗಿಯೂ, ಅತಿವೃಷ್ಟಿಯಾದಾಗ ಅದರ ಉಪಶಮನಕ್ಕಾಗಿಯೂ ಪೂಜೆ ಸಲ್ಲಿಸುವ ಸಂಪ್ರದಾಯವುಂಟು. ಅಡಕೆಯ ಕೊನೆಗೆ ಔಷಧಿ ಹೊಡೆಯುವ ದಿನವನ್ನೂ, ಗದ್ದೆಯ ನಾಟಿಯನ್ನೂ ಮೋಡದ ಗತಿಯನ್ನು ನೋಡಿ ನಿಶ್ಚಯಿಸಬೇಕಾದ ಮಲೆನಾಡಿನ ಕೃಷಿಕನಿಗೆ ಮಳೆಯ ಮುನ್ಸೂಚನೆಗಿಂತ ಹೆಚ್ಚು ಬೇಕಾದ ವಾರ್ತೆ ಬೇರೊಂದಿಲ್ಲ.

ಪೂರ್ವಿಕರು ಪ್ರಾರ್ಥನೆಯಿಂದ ಎದುರುಗೊಂಡ ಈ ಮಳೆಯನ್ನು ನಮ್ಮ ಕಾಲದವರು, ಪ್ರಾರ್ಥನೆಯನ್ನು ಬಿಡದೆಯೇ, ಗಣಿತದಿಂದಲೂ ಅರಿಯಹೊರಟಿದ್ದಾರೆ. 1988ರಲ್ಲಿ ಬರಗಾಲವನ್ನು ಗಮನಿಸುವ ಒಂದು ಸಣ್ಣ ಘಟಕವಾಗಿ ಆರಂಭವಾಗಿ, ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂಬ ಹೆಸರಿನಿಂದ ಬೆಂಗಳೂರಿನಲ್ಲಿ ಕಾರ್ಯನಿರತವಾಗಿರುವ ಸಂಸ್ಥೆಯು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸ್ಥಾಪಿಸಿರುವ ಮಳೆಮಾಪಕಗಳು, ತಾವು ಅಳೆದುದನ್ನು 15 ನಿಮಿಷಕ್ಕೊಮ್ಮೆ ತಾವಾಗಿಯೇ ರಾಜಧಾನಿಗೆ ರವಾನಿಸುತ್ತವೆ. ಆದರೆ ಬಿದ್ದ ಮಳೆಯ ಲೆಕ್ಕ ಒಂದು, ಬೀಳಲಿರುವ ಮಳೆಯ ಲೆಕ್ಕ ಇನ್ನೊಂದು. ಎರಡನೆಯದಕ್ಕೆ ಆಕಾಶವನ್ನೆಲ್ಲ ಸಣ್ಣ ಸಣ್ಣ ಕೋಶಗಳಾಗಿ ವಿಭಾಗಿಸಿ, ಪ್ರತಿಯೊಂದು ಕೋಶದ ಉಷ್ಣತೆ, ಒತ್ತಡ, ತೇವ, ಗಾಳಿಯ ವೇಗಗಳನ್ನು ಒಂದೇ ಬಗೆಯ ಸಮೀಕರಣಗಳಿಂದ ಮತ್ತೆ ಮತ್ತೆ ಗಣಿಸಬೇಕಾಗುತ್ತದೆ. ಒಂದು ಸಂಸ್ಕಾರಕದ ಕೈಯಲ್ಲಿ ಈ ಕೆಲಸ ಮುಗಿಯುವುದರೊಳಗೆ ಮಳೆಯೇ ಬಂದು ಹೋಗಿರುತ್ತದೆ. ಆದುದರಿಂದಲೇ, ಹಲವು ಸಂಸ್ಕಾರಕಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವ 'ಫ್ಲೋಸಾಲ್ವರ್' ಎಂಬ ಸಮಾಂತರ ಗಣಕವನ್ನು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು (ಎನ್.ಎ.ಎಲ್.) 1986ರಷ್ಟು ಹಿಂದೆಯೇ ನಿರ್ಮಿಸಿತು.

ಈ ಸಮಾಂತರ ಗಣನೆಗೆ ಈಗ ಮುಖ್ಯ ಸಾಧನವಾಗಿರುವುದು ಗ್ರಾಫಿಕ್ಸ್ ಕಾರ್ಡು. ಅದು ಹುಟ್ಟಿದುದು ಪರದೆಯ ಮೇಲೆ ಚಿತ್ರವನ್ನು ಬಿಡಿಸುವುದಕ್ಕಾಗಿ. ಲಕ್ಷಾಂತರ ಬಿಂದುಗಳಲ್ಲಿ ಒಂದೊಂದರ ಬಣ್ಣವನ್ನೂ ಏಕಕಾಲದಲ್ಲಿ ನಿರ್ಣಯಿಸುವುದಕ್ಕಾಗಿ ಅದರೊಳಗೆ ಅಲ್ಪಶಕ್ತಿಯ, ಆದರೆ ಬಹುಸಂಖ್ಯೆಯ ಗಣನಘಟಕಗಳನ್ನು ಜೋಡಿಸಿದರು. ಬಿಂದುಗಳ ಬಣ್ಣವನ್ನು ಲೆಕ್ಕ ಹಾಕಬಲ್ಲ ಯಂತ್ರ ಆಕಾಶದ ಕೋಶಗಳ ಉಷ್ಣತೆಯನ್ನೂ ಲೆಕ್ಕ ಹಾಕಬಲ್ಲುದಷ್ಟೆ. ಎನ್‌ವಿಡಿಯಾ ಎಂಬ ಕಾರ್ಡು ತಯಾರಕ ಸಂಸ್ಥೆ 2007ರಲ್ಲಿ 'ಕೂಡಾ' ಎಂಬ ತಂತ್ರಾಂಶವನ್ನು ಹೊರತಂದ ಮೇಲೆ ಚಿತ್ರದ ಕಾರ್ಡು ವಿಜ್ಞಾನದ ಕಾರ್ಡೂ ಆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಪ್ರತಿಷ್ಠಾಪಿತವಾದ 'ಸಹಸ್ರಟಿ' ಎಂಬ ಮಹಾಗಣಕದ ಒಂದು ಭಾಗದಲ್ಲಿ ಟೆಸ್ಲಾ ಕೆ40 ಎಂಬ ಕಾರ್ಡುಗಳಿದ್ದುವು. 2022ರಲ್ಲಿ ಅಲ್ಲಿಯೇ ಕಾರ್ಯಾರಂಭ ಮಾಡಿದ, 3.3 ಪೆಟಾಫ್ಲಾಪ್ ಸಾಮರ್ಥ್ಯದ 'ಪರಮ್ ಪ್ರವೇಗ'ದಲ್ಲಿರುವುವು ವಿ100 ಎಂಬ ಕಾರ್ಡುಗಳು. ಇಂಥ ಕಾರ್ಡುಗಳು ದೇಶದ ಅನೇಕ ಕಾಲೇಜು, ಪ್ರಯೋಗಾಲಯಗಳ ಸರ್ವರುಗಳಲ್ಲಿಯೂ ಇವೆ. ಇವುಗಳ ಆಯುಸ್ಸು ಹೇಗೆ ಮುಗಿಯುತ್ತದೆ, ಹೇಗೆ ಉಳಿಯುತ್ತದೆ ಎಂಬುದೇ ಪ್ರಕೃತ ಲೇಖನದ ವಿಷಯ.

ಕಾರ್ಡು ಕೆಡುವುದಕ್ಕಿಂತ ಬಹಳ ಮೊದಲೇ ಅದರ ಸುತ್ತಲಿನ ಲೋಕ ಬದಲಾಗುತ್ತದೆ. ನಮ್ಮ ದೇಶದ ವೈಜ್ಞಾನಿಕ ಸರ್ವರುಗಳಲ್ಲಿ ವರ್ಷಾನುವರ್ಷ ಬಳಕೆಯಲ್ಲಿದ್ದ 'ಸೆಂಟ್ ಓಎಸ್ 7' ಎಂಬ ಆಪರೇಟಿಂಗ್ ಸಿಸ್ಟಮ್ಮಿಗೆ 2024ರ ಜೂನ್ 30ರಂದು ಆಧಾರ ನಿಂತುಹೋಯಿತು. ಆ ದಿನದಿಂದಾಚೆಗೆ ಕಂಡುಬರುವ ಭದ್ರತಾ ದೋಷಗಳಿಗೆ ಅದರ ಕರ್ತೃಗಳಿಂದ ಪರಿಹಾರವಿಲ್ಲ. ಜಾಲಕ್ಕೆ ತೆರೆದುಕೊಂಡಿರುವ ಸರ್ವರನ್ನು ಅಂಥ ಸ್ಥಿತಿಯಲ್ಲಿ ಬಿಡುವುದು ವಿವೇಕವಲ್ಲವಾದುದರಿಂದ ನಿರ್ವಾಹಕರು ಹೊಸ ಆವೃತ್ತಿಗೆ ಅಪ್‌ಗ್ರೇಡ್ ಮಾಡುತ್ತಾರೆ. ಮಾಡಿ ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ, ಎಂಟು ವರ್ಷ ಕುಂದಿಲ್ಲದೆ ದುಡಿದ ಕಾರ್ಡು ಮಾತಾಡುವುದಿಲ್ಲ. ಪರದೆ ಕಪ್ಪಾಗಿ ನಿಲ್ಲುತ್ತದೆ, ಅಥವಾ ಕಾರ್ಡೇ ಇಲ್ಲವೆಂದು ಸರ್ವರು ವರದಿ ಮಾಡುತ್ತದೆ.

ಇಲ್ಲಿ ಸಾಮಾನ್ಯ ಓದುಗನು ಮೊದಲು ತಿಳಿಯತಕ್ಕುದು, ಕಾರ್ಡಿಗೆ ಏನೂ ಆಗಿಲ್ಲವೆಂಬುದನ್ನು. ಆಪರೇಟಿಂಗ್ ಸಿಸ್ಟಮ್ಮಿನ ಗರ್ಭದಲ್ಲಿ 'ಕರ್ನಲ್' ಎಂಬ ಮೂಲಭಾಗವಿದೆ. ಆ ಕರ್ನಲ್ಲಿನ ಆಜ್ಞೆಗಳನ್ನು ಕಾರ್ಡಿಗೆ ಮುಟ್ಟಿಸುವ ಕ್ರಮವಿಧಿಗೆ ಡ್ರೈವರ್ ಎಂದು ಹೆಸರು. ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನಲ್ಲಿಗೆ ಒಂದು ದೃಢವಾದ ನಿಯಮವಿದೆ: ಬಳಕೆದಾರರ ತಂತ್ರಾಂಶಗಳಿಗೆ ಕೊಟ್ಟ ವಚನವನ್ನು ಅದು ಮುರಿಯಲೊಲ್ಲದು, ಆದರೆ ತನ್ನ ಅಂತರಂಗದ ಏರ್ಪಾಡುಗಳನ್ನು ಮಾತ್ರ ಬೇಕಾದಂತೆ ಬದಲಿಸಿಕೊಳ್ಳುವ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳುತ್ತದೆ. ಸೆಂಟ್ ಓಎಸ್ ಸೇರಿರುವ ರೆಡ್ ಹ್ಯಾಟ್ ವರ್ಗದ ಏಳನೆಯ ಆವೃತ್ತಿಯಲ್ಲಿ 3.10 ಇದ್ದ ಕರ್ನಲ್ ಎಂಟನೆಯದರಲ್ಲಿ 4.18, ಒಂಬತ್ತನೆಯದರಲ್ಲಿ 5.14, ಹತ್ತನೆಯದರಲ್ಲಿ 6.12 ಆಗಿದೆ. ಇಷ್ಟು ದೂರ ಸಾಗಿದ ಕರ್ನಲ್ಲಿನೊಳಗೆ ಅದರ ಅಂಗವಾಗಿಯೇ ಇರುವ ಡ್ರೈವರುಗಳನ್ನು, ಬದಲಾವಣೆ ಮಾಡುವವರೇ ಜೊತೆಜೊತೆಯಲ್ಲಿ ತಿದ್ದುತ್ತ ಬರುತ್ತಾರೆ. ಹೊರಗೆ ನಿಂತ, ಮೂಲಪಾಠ ಮುಚ್ಚಿಟ್ಟ ಡ್ರೈವರನ್ನು ಅದರ ಒಡೆಯನ ಹೊರತು ತಿದ್ದಬಲ್ಲವರಿಲ್ಲ.

ಒಡೆಯನಾದರೋ ಹಳೆಯದನ್ನು ಕಾಲಕ್ರಮದಲ್ಲಿ ಕೈಬಿಡುತ್ತಾನೆ. ಎನ್‌ವಿಡಿಯಾದ ಫರ್ಮಿ ಪೀಳಿಗೆಯ ಕಾರ್ಡುಗಳಿಗೆ 390ನೆಯ ಶ್ರೇಣಿಯ ಡ್ರೈವರೇ ಕೊನೆಯದು. ಕೆ40 ಸೇರಿದ ಕೆಪ್ಲರ್ ಪೀಳಿಗೆಗೆ 470, ವಿ100 ಸೇರಿದ ವೋಲ್ಟಾ ಪೀಳಿಗೆಗೆ 580. ಕೂಡಾ ತಂತ್ರಾಂಶದ 12ನೆಯ ಆವೃತ್ತಿ ಕೆಪ್ಲರನ್ನೂ, 2025ರ 13ನೆಯ ಆವೃತ್ತಿ ವೋಲ್ಟಾವನ್ನೂ ಹೊರಗಿಟ್ಟಿತು. ಇದಕ್ಕೆ ಪ್ರತಿಯಾಗಿ ಇನ್ನೊಂದು ನಿದರ್ಶನವನ್ನು ನೋಡಬಹುದು. 1998ರಲ್ಲಿ ಮಾರುಕಟ್ಟೆಗೆ ಬಂದ ಮ್ಯಾಟ್ರಾಕ್ಸ್ ಜಿ200 ಎಂಬ ಸಾಮಾನ್ಯ ಚಿತ್ರಸಾಧನದ ವಂಶಜಗಳು ಇಂದಿಗೂ ಎಷ್ಟೋ ಸರ್ವರುಗಳ ಬೋರ್ಡಿನಲ್ಲಿ ಅಡಕವಾಗಿದ್ದು, ಹೊಸ ಕರ್ನಲ್ಲಿನಲ್ಲಿಯೂ ನಿರಾತಂಕವಾಗಿ ಪರದೆಯನ್ನು ಬೆಳಗುತ್ತಿವೆ. ಏಕೆಂದರೆ 2012ರಿಂದ ಅದರ ಡ್ರೈವರ್ ಕರ್ನಲ್ಲಿನ ಒಳಗೆಯೇ, ಎಲ್ಲರ ಕಣ್ಣಿಗೂ ಕೈಗೂ ಎಟುಕುವಂತೆ ಇದೆ. ಕಾರ್ಡಿನ ಆಯುಸ್ಸನ್ನು ನಿರ್ಧರಿಸುವುದು ಅದರ ಶಕ್ತಿಯಲ್ಲ, ಅದರ ಜ್ಞಾನ ಎಷ್ಟು ಜನರ ಸ್ವತ್ತಾಗಿದೆ ಎಂಬುದು.

ಹಾಗಾದರೆ ಹಳೆಯ ಕಾರ್ಡನ್ನು ಉಳಿಸಿಕೊಳ್ಳುವ ಬಗೆ ಹೇಗೆ? ಮೊದಲನೆಯ ಕರ್ತವ್ಯ ಅಪ್‌ಗ್ರೇಡಿಗೆ ಮುಂಚಿನದು. ಸರ್ವರಿನಲ್ಲಿರುವ ಕಾರ್ಡು ಯಾವ ಪೀಳಿಗೆಯದು, ಅದಕ್ಕೆ ಕೊನೆಯ ಡ್ರೈವರ್ ಶ್ರೇಣಿ ಯಾವುದು, ಆ ಶ್ರೇಣಿ ಯಾವ ಕರ್ನಲ್ಲಿನವರೆಗೆ ಹೊಂದಿಕೊಳ್ಳುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಬರೆದಿಟ್ಟುಕೊಳ್ಳದೆ, ಪೂರ್ಣ ಬ್ಯಾಕಪ್ ತೆಗೆಯದೆ, ಹಳೆಯ ಕರ್ನಲ್ಲಿಗೆ ಮರಳುವ ದಾರಿಯನ್ನು ತೆರೆದಿಡದೆ ಅಪ್‌ಗ್ರೇಡಿಗೆ ಕೈಹಾಕಕೂಡದು. ಎಲ್ಲಕ್ಕಿಂತ ಹೊಸದಾದ ಆವೃತ್ತಿಗೇ ಏರಬೇಕೆಂಬ ಹಠವೂ ಬೇಡ. ಕೆ40 ಇರುವ ಸರ್ವರಿಗೆ ಹತ್ತನೆಯ ಆವೃತ್ತಿಗಿಂತ, 2029ರವರೆಗೆ ರಕ್ಷಣೆಯುಳ್ಳ ಎಂಟನೆಯದು ಅಥವಾ 2032ರವರೆಗೆ ರಕ್ಷಣೆಯುಳ್ಳ ಒಂಬತ್ತನೆಯದು ಯೋಗ್ಯವಾದ ಆಶ್ರಯ.

ಎರಡನೆಯದು ಡ್ರೈವರಿನ ಆಯ್ಕೆ ಮತ್ತು ಸ್ಥಾಪನೆ. ಹೊಸ ವ್ಯವಸ್ಥೆ ತನ್ನಷ್ಟಕ್ಕೆ 'ನೂವೋ' ಎಂಬ ಮುಕ್ತ ಡ್ರೈವರನ್ನು ಎಬ್ಬಿಸಿಬಿಡುತ್ತದೆ. ಒಂದೇ ಕಾರ್ಡಿಗೆ ಇಬ್ಬರು ಒಡೆಯರು ಸಲ್ಲದಾದುದರಿಂದ, ತಯಾರಕರ ಡ್ರೈವರನ್ನು ಸ್ಥಾಪಿಸುವವರು ನೂವೋವನ್ನು ಮೊದಲು ತಡೆಹಿಡಿಯಬೇಕು. 560ನೆಯ ಶ್ರೇಣಿಯಿಂದೀಚೆಗೆ ಎನ್‌ವಿಡಿಯಾ ತನ್ನ ಡ್ರೈವರಿನಲ್ಲಿ ಕರ್ನಲ್ಲಿಗೆ ಜೋಡಣೆಯಾಗುವ ಭಾಗವಾದ ಮಾಡ್ಯೂಲಿನ ಮುಕ್ತ ರೂಪವನ್ನೇ ಮೊದಲ ಆಯ್ಕೆಯಾಗಿ ಇಟ್ಟಿದೆ. ಅದು 2018ರ ಟ್ಯೂರಿಂಗ್ ಮತ್ತು ಅದರಿಂದೀಚಿನ ಪೀಳಿಗೆಗಳಿಗೆ ಮಾತ್ರ ಸಲ್ಲುವಂಥದು. ವಿ100 ಇರುವ ಯಂತ್ರದಲ್ಲಿ ಈ ಆಯ್ಕೆಯನ್ನು ಗಮನಿಸದೆ ಮುಂದುವರಿದರೆ ಆರೋಗ್ಯವಂತ ಕಾರ್ಡೂ ಅದೃಶ್ಯವಾಗುತ್ತದೆ. ಅಲ್ಲಿ ಹಳೆಯ ಮುಚ್ಚಿದ ಮಾಡ್ಯೂಲನ್ನೇ ಕೇಳಿ ಪಡೆಯಬೇಕು. ಪ್ರತಿಯೊಂದು ಹೊಸ ಕರ್ನಲ್ ಬಂದಾಗಲೂ ಮಾಡ್ಯೂಲನ್ನು ತಾನಾಗಿಯೇ ಮತ್ತೆ ಕಟ್ಟುವ 'ಡಿಕೆಎಂಎಸ್' ಎಂಬ ಸಾಧನವನ್ನು ಡೆಲ್ ಸಂಸ್ಥೆಯವರು ರೂಪಿಸಿಕೊಟ್ಟಿದ್ದಾರೆ. ರೆಡ್ ಹ್ಯಾಟ್ ವರ್ಗದ ವ್ಯವಸ್ಥೆಗಳಿಗಾಗಿ ಹಳೆಯ ಡ್ರೈವರುಗಳನ್ನು ಕಟ್ಟಿ ಹಂಚುವ 'ಎಲ್‌ರೆಪೊ' ಎಂಬ ಸ್ವಯಂಸೇವಕರ ಸಮುದಾಯವೂ ಇದೆ. ಸೆಕ್ಯೂರ್ ಬೂಟ್ ಇರುವ ಸರ್ವರು ಸಹಿಯಿಲ್ಲದ ಮಾಡ್ಯೂಲನ್ನು ಒಳಗೆ ಬಿಡುವುದಿಲ್ಲ. ಅಲ್ಲಿ ನಿರ್ವಾಹಕರು ತಮ್ಮದೇ ಕೀಲಿಯನ್ನು ಸೃಷ್ಟಿಸಿ, ಯಂತ್ರದಲ್ಲಿ ನೋಂದಾಯಿಸಿ, ಅದರಿಂದ ಸಹಿ ಹಾಕತಕ್ಕುದು.

ಮೂರನೆಯದು, ಹಳೆಯದನ್ನು ಹೊಸದರೊಳಗೆ ಪ್ರತ್ಯೇಕವಾಗಿ ಪಾಲಿಸುವ ಉಪಾಯ. ಹಳೆಯ ಕೂಡಾವನ್ನು ನೆಚ್ಚಿದ ವೈಜ್ಞಾನಿಕ ಕ್ರಮವಿಧಿಯನ್ನು, ಅದಕ್ಕೆ ಬೇಕಾದ ಪರಿಕರಗಳೊಡನೆ ಒಂದು ಕಂಟೇನರಿನಲ್ಲಿ ಇರಿಸಿದರೆ, ಸರ್ವರಿನ ಉಳಿದ ಭಾಗ ಎಷ್ಟು ಹೊಸದಾದರೂ ಆ ಕ್ರಮವಿಧಿಗೆ ಬಾಧೆಯಿಲ್ಲ. ಆದರೆ ಕಂಟೇನರಿಗೆ ಸ್ವಂತ ಕರ್ನಲ್ ಇಲ್ಲವೆಂಬುದನ್ನು ಮರೆಯಬಾರದು. ಡ್ರೈವರ್ ಮಾತ್ರ ಹೊರಗಿನ ವ್ಯವಸ್ಥೆಯಲ್ಲಿಯೇ ಇರಬೇಕು. ಡ್ರೈವರೇ ಹೊಸ ಕರ್ನಲ್ಲಿಗೆ ಒಗ್ಗದಿರುವ ಪಕ್ಷದಲ್ಲಿ, ಹೊಸ ವ್ಯವಸ್ಥೆಯ ಮೇಲೆ ಒಂದು ವರ್ಚುವಲ್ ಯಂತ್ರವನ್ನು ನಿರ್ಮಿಸಿ, ಅದರಲ್ಲಿ ಹಳೆಯ ಆಪರೇಟಿಂಗ್ ಸಿಸ್ಟಮ್ಮನ್ನು ಸ್ಥಾಪಿಸಿ, ಕಾರ್ಡನ್ನು ಸಂಪೂರ್ಣವಾಗಿ ಅದರ ವಶಕ್ಕೆ ಒಪ್ಪಿಸಬಹುದು. ಆಧಾರ ತಪ್ಪಿದ ಆ ಹಳೆಯ ವ್ಯವಸ್ಥೆಯನ್ನು ಹೊರಗಿನ ಜಾಲದಿಂದ ದೂರವಿಡುವುದು ಮಾತ್ರ ಅನಿವಾರ್ಯ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಂಥ ಊರುಗಳಲ್ಲಿ ಸರ್ವರು ನಡೆಸುವವರಿಗೆ ಇನ್ನೆರಡು ಮಾತು. ಪರದೆಯ ಮೇಲೆ ಅಕ್ಷರ ಮೂಡಿದರೆ ಸಾಕೆನ್ನುವ ಕಚೇರಿಗೆ ತಯಾರಕರ ಡ್ರೈವರಿನ ಗೊಡವೆಯೇ ಬೇಕಿಲ್ಲ. ತಯಾರಕರಿಂದ ಕಾಗದಪತ್ರದ ನೆರವು ದೊರೆಯದಿದ್ದಾಗಲೂ ಕಾರ್ಡುಗಳ ವರ್ತನೆಯನ್ನೇ ಪರೀಕ್ಷಿಸಿ ಸ್ವಯಂಸೇವಕರು ರಚಿಸಿ, 2010ರಲ್ಲಿ ಕರ್ನಲ್ಲಿನೊಳಗೆ ಸೇರಿಸಿದ ನೂವೋ ಆ ಕೆಲಸಕ್ಕೆ ಧಾರಾಳವಾಗಿ ಸಾಕು. ಇನ್ನು, ನಾಲ್ಕು ತಿಂಗಳ ಜಡಿಮಳೆಯಲ್ಲಿ ಮನೆಯ ಗೋಡೆಯೇ ಬೆವರುವ ನಾಡಿನಲ್ಲಿ ತೇವ ಮತ್ತು ಧೂಳು ಕಾರ್ಡಿನ ಸಂಪರ್ಕಗಳಿಗೆ ನಿಜವಾದ ಶತ್ರುಗಳು. ಡ್ರೈವರನ್ನು ದೂರುವ ಮೊದಲು ಕಾರ್ಡನ್ನು ಬಿಡಿಸಿ, ಒರೆಸಿ, ಒಣಗಿದ ಥರ್ಮಲ್ ಪೇಸ್ಟನ್ನು ಬದಲಿಸಿ, ಗಟ್ಟಿಯಾಗಿ ಕೂರಿಸಿ ನೋಡುವುದು ಲೇಸು.

ಉಳಿಸುವುದಕ್ಕೂ ಒಂದು ಮಿತಿ ಉಂಟು. ಕೆ40 ಕಾರ್ಡು 235 ವಾಟ್ ವಿದ್ಯುತ್ತನ್ನು ಬಳಸಿ ಸೆಕೆಂಡಿಗೆ 1.43 ಲಕ್ಷ ಕೋಟಿ ಸೂಕ್ಷ್ಮಗಣನೆಗಳನ್ನು ಮಾಡಬಲ್ಲುದಾದರೆ, ವಿ100 ಸುಮಾರು 300 ವಾಟಿನಲ್ಲಿ ಅದರ ಐದು ಪಟ್ಟು ಮಾಡುತ್ತದೆ. ಹಗಲಿರುಳು ಓಡುವ ಸರ್ವರಿನಲ್ಲಿ ವಿದ್ಯುತ್ತಿನ ವೆಚ್ಚ ಕಾರ್ಡಿನ ಬೆಲೆಯನ್ನು ಮೀರುವ ದಿನ ಬಂದಾಗ ಅದಕ್ಕೆ ಗೌರವದಿಂದ ವಿದಾಯ ಹೇಳುವುದೇ ನ್ಯಾಯ. ಆದರೆ ಆ ದಿನವನ್ನು ನಿರ್ಣಯಿಸಬೇಕಾದುದು ಲೆಕ್ಕ. ಒಂದು ಡ್ರೈವರಿನ ಅಭಾವ ಅದನ್ನು ನಿರ್ಣಯಿಸುವಂತಾಗಬಾರದು. ಸಾರ್ವಜನಿಕರ ತೆರಿಗೆಯಿಂದ ಕೊಂಡ, ವಿದ್ಯಾರ್ಥಿಗೆ ಇನ್ನೂ ಪಾಠ ಕಲಿಸಬಲ್ಲ ಕಾರ್ಡು ಕೇವಲ ಅಲಕ್ಷ್ಯದಿಂದ ಗುಜರಿಗೆ ಹೋಗುವುದು ಧನದ ನಷ್ಟ ಮಾತ್ರವಲ್ಲ, ಅದರೊಳಗಿನ ಲೋಹಕ್ಕಾಗಿ ಅಗೆದ ನೆಲಕ್ಕೂ ಬಗೆದ ದ್ರೋಹ.

ಹೊಸ ದೇವಾಲಯವನ್ನು ಕಟ್ಟಿಸುವುದಕ್ಕಿಂತ ಜೀರ್ಣವಾದುದನ್ನು ಉದ್ಧರಿಸುವುದೇ ಹೆಚ್ಚಿನ ಪುಣ್ಯವೆಂದು ನಂಬಿ ಬಂದ ಜನ ನಾವು. ಆ ಭಾವನೆ ಯಂತ್ರಗಳ ವಿಷಯದಲ್ಲಿಯೂ ನಮಗೆ ದಾರಿ ತೋರಬೇಕು. ಇದಕ್ಕೆ ಮೂವರ ಸಹಕಾರ ಅವಶ್ಯ. ತಯಾರಕರು ಒಂದು ಪೀಳಿಗೆಯ ಆಧಾರವನ್ನು ನಿಲ್ಲಿಸುವ ದಿನವೇ ಅದರ ಡ್ರೈವರಿನ ಮೂಲಪಾಠವನ್ನು ಲೋಕಕ್ಕೆ ಒಪ್ಪಿಸಬೇಕು. ಖರೀದಿಸುವ ಸಂಸ್ಥೆಗಳು ವೇಗ ಮತ್ತು ಬೆಲೆಗಳ ಜೊತೆಗೆ, ಎಷ್ಟು ವರ್ಷ ಡ್ರೈವರ್ ದೊರೆಯುವುದೆಂಬುದನ್ನೂ ಟೆಂಡರಿನ ಷರತ್ತಾಗಿ ಬರೆಯಬೇಕು. ಸರ್ವರನ್ನು ನಿರ್ವಹಿಸುವ ತರುಣರಿಗೆ ಹೊಸದನ್ನು ಸ್ಥಾಪಿಸುವ ವಿದ್ಯೆಯೊಡನೆ ಹಳೆಯದನ್ನು ಪಾಲಿಸುವ ವಿದ್ಯೆಯನ್ನೂ ಕಾಲೇಜುಗಳು ಕಲಿಸಬೇಕು. ಈ ಮೂರರಲ್ಲಿ ಮೊದಲನೆಯದು ನಮ್ಮ ಕೈಮೀರಿದುದಾಗಿರಬಹುದು. ಉಳಿದೆರಡನ್ನು ಮುಂದಿನ ಖರೀದಿಯಿಂದಲೇ, ಮುಂದಿನ ತರಗತಿಯಿಂದಲೇ ಆರಂಭಿಸುವುದಕ್ಕೆ ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ.