ಹಳೆಯ ಫೋನಿನ ಮಾರಾಟ: ಕೊಟ್ಟವ ಕೋಡಂಗಿಯಾಗದಿರಲು

ಹಿಂದಿನ ಗೃಹಿಣಿಯು ಜರಿ ಸವೆದ ಸೀರೆಯನ್ನು ಕೊಟ್ಟು ಸ್ಟೀಲ್ ಪಾತ್ರೆಯನ್ನು ಪಡೆಯುತ್ತಿದ್ದಳು. ಹಳೆಯ ಪೇಪರಿನವನು ತಕ್ಕಡಿ ಹಿಡಿದು ಬಾಗಿಲಿಗೇ ಬರುತ್ತಿದ್ದನು. ತೂಕದಲ್ಲಿ ಅಷ್ಟಿಷ್ಟು ಹೆಚ್ಚುಕಡಿಮೆಯಾದರೂ ನಷ್ಟವು ಕೆಲವೇ ರೂಪಾಯಿಗಳದು. ಮೇಲಾಗಿ ಕೊಳ್ಳುವವನು ಕಣ್ಣೆದುರಿಗೇ ಇರುತ್ತಿದ್ದನು. ಇಂದು ಹಿಮಾಯತ್‌ನಗರದ ಫ್ಲ್ಯಾಟುಗಳಲ್ಲಿ ಉಳಿದುಹೋಗುವ ಹಳೆಯ ವಸ್ತುಗಳ ಬಗೆಯೇ ಬೇರೆ. ಮಗನು ಹೊಸದನ್ನು ಕೊಂಡಾಗ ಬಿಟ್ಟ ಫೋನು, ಮಗಳ ಕಾಲೇಜು ಮುಗಿದ ಮೇಲೆ ಮೂಲೆ ಸೇರಿದ ಲ್ಯಾಪ್‌ಟಾಪು, ದೊಡ್ಡ ಪರದೆಯದು ಬಂದಮೇಲೆ ಬೇಡವಾದ ಟಿ.ವಿ. ಇವುಗಳ ಚಿತ್ರ ತೆಗೆದು ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಮುಂತಾದ ಅಂತರಜಾಲ ತಾಣಗಳಲ್ಲಿ ಜಾಹೀರಾತು ಕೊಡುವುದು ಈಗ ಸುಲಭ. ಆದರೆ ಅಲ್ಲಿ ಬರುವ ಕೊಳ್ಳುಗನ ಮುಖ ಕಾಣದು. ಕೆಲವೇ ಸಾವಿರ ರೂಪಾಯಿಗಳ ಆಸೆಗೆ ಹೊರಟವರು ಜೀವಮಾನದ ಉಳಿತಾಯದ ಖಾತೆಯನ್ನೇ ಬರಿದು ಮಾಡಿಕೊಳ್ಳುವ ಅಪಾಯವು ಇಲ್ಲಿದೆ.

ಈ ವ್ಯವಹಾರದಲ್ಲಿ ನೆನಪಿಡಬೇಕಾದ ಸೂತ್ರವು ಒಂದೇ: ಮಾರುವವನು ಕೊಡಬೇಕಾದುದು ವಸ್ತುವನ್ನು ಮಾತ್ರ. ಅದರ ಹೊರತು ಹಣವನ್ನಾಗಲಿ, ರಹಸ್ಯ ಸಂಖ್ಯೆಯನ್ನಾಗಲಿ, ಮನೆಯ ಗುಟ್ಟನ್ನಾಗಲಿ ಕೊಡಬೇಕಾದ ಪ್ರಸಂಗವೇ ಇಲ್ಲ.

ಕಾನೂನು ಹೇಳುವುದೇನು?

1930ರ ಸರಕು ಮಾರಾಟ ಕಾಯಿದೆಯ 32ನೆಯ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ಸರಕನ್ನು ಒಪ್ಪಿಸುವುದೂ ಬೆಲೆಯನ್ನು ಸಲ್ಲಿಸುವುದೂ ಏಕಕಾಲದಲ್ಲಿ ನಡೆಯತಕ್ಕವು. ಬೆಲೆ ಸಲ್ಲುವವರೆಗೆ ಸರಕನ್ನು ತನ್ನ ವಶದಲ್ಲಿಯೇ ಉಳಿಸಿಕೊಳ್ಳುವ ಹಕ್ಕನ್ನು 47ನೆಯ ಕಲಮು ಮಾರಾಟಗಾರನಿಗೆ ನೀಡಿದೆ. ‘ಇಂದು ವಸ್ತು ಕೊಡಿ, ನಾಳೆ ಹಣ ಕಳುಹಿಸುವೆ’ ಎಂಬುವನಿಗೆ ‘ಇಲ್ಲ’ ಎನ್ನುವುದು ಒರಟುತನವಲ್ಲ. ಅದು ಮಾರಾಟಗಾರನ ಹಕ್ಕು.

ವಂಚನೆಯ ಪರಿ

2016ರಲ್ಲಿ ಬಳಕೆಗೆ ಬಂದ ಯುಪಿಐ ವ್ಯವಸ್ಥೆಯಲ್ಲಿ ಹಣವನ್ನು ಪಡೆಯಲು ಪಿನ್ ಸಂಖ್ಯೆಯ ಅಗತ್ಯವಿಲ್ಲ. ಪಿನ್ ಒತ್ತಿ ಒಪ್ಪಿಗೆ ಕೊಟ್ಟರೆ ಹಣವು ಖಾತೆಯಿಂದ ಹೊರಗೆ ಹೋಗುವುದೇ ಹೊರತು ಒಳಗೆ ಬಾರದು. ವಂಚಕನ ಆಟವೆಲ್ಲ ಈ ಸರಳ ಸಂಗತಿಯನ್ನು ಮರೆಸುವುದರಲ್ಲಿದೆ.

ಅವನು ಚೌಕಾಸಿ ಮಾಡುವುದಿಲ್ಲ. ವಸ್ತುವನ್ನು ನೋಡುವ ಉತ್ಸಾಹವನ್ನೂ ತೋರುವುದಿಲ್ಲ. ತಾನು ಸೈನ್ಯದಲ್ಲಿರುವವನೆಂದೂ, ವರ್ಗವಾಗಿರುವುದರಿಂದ ಬರಲಾಗದೆಂದೂ ಹೇಳಿ ಗುರುತಿನ ಚೀಟಿಯ ಚಿತ್ರವನ್ನು ಕಳುಹಿಸುವನು. ನಂಬಿಕೆ ಹುಟ್ಟಲೆಂದು ಮೊದಲು ಐದೋ ಹತ್ತೋ ರೂಪಾಯಿಗಳನ್ನು ನಿಜವಾಗಿಯೇ ಹಾಕುವನು. ಬಳಿಕ ಒಂದು ಕ್ಯೂಆರ್ ಕೋಡ್ ಕಳುಹಿಸಿ, ‘ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ, ಹಣ ಬರುವುದು’ ಎನ್ನುವನು. ಸ್ಕ್ಯಾನ್ ಮಾಡುವವನು ಹಣ ಕೊಡುವವನೇ ಎಂಬುದನ್ನು ಆ ಗಡಿಬಿಡಿಯಲ್ಲಿ ಯಾರೂ ಯೋಚಿಸರು.

ಹಣ ಕೇಳುವ ಕೋರಿಕೆಯನ್ನು ಕಳುಹಿಸಿ, ಅದನ್ನೇ ಹಣ ಬರುವ ಸೂಚನೆಯೆಂದು ನಂಬಿಸುವ ಇನ್ನೊಂದು ಉಪಾಯವೂ ಇತ್ತು. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಇಂಥ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸುವಂತೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಆದೇಶಿಸಿತು. ಆದರೆ ಒಂದು ಬಾಗಿಲು ಮುಚ್ಚಿದರೆ ಕಳ್ಳನು ಇನ್ನೊಂದನ್ನು ಹುಡುಕುವನು. ‘5,000ದ ಬದಲು ತಪ್ಪಿ 50,000 ಹಾಕಿದೆ, ಉಳಿದುದನ್ನು ಹಿಂದಿರುಗಿಸಿ’ ಎಂಬ ಅಳಲು, ಬ್ಯಾಂಕಿನಿಂದ ಬಂದಂತೆಯೇ ಕಾಣುವ ಸುಳ್ಳು ಸಂದೇಶ, ಹಣ ಸಂದಿದೆಯೆಂದು ತೋರಿಸುವ ನಕಲಿ ಚಿತ್ರ, ಫೋನಿನ ಪರದೆಯನ್ನೇ ದೂರದಿಂದ ನೋಡಲು ಬಿಡುವ ಆ್ಯಪ್ ಹಾಕಿಕೊಳ್ಳುವಂತೆ ಒತ್ತಾಯ, ಇವೆಲ್ಲ ಅದೇ ಮರದ ಕೊಂಬೆಗಳು. ಮದ್ದು ಒಂದೇ: ಸಂದೇಶವನ್ನು ನಂಬದೆ, ಸ್ವಂತ ಬ್ಯಾಂಕಿನ ಆ್ಯಪ್ ತೆರೆದು ಖಾತೆಯ ಬಾಕಿಯನ್ನು ಕಣ್ಣಾರೆ ನೋಡತಕ್ಕದ್ದು.

ಊರು ಬಿಟ್ಟು ಬಂದವರಿಗೆ ಇನ್ನೊಂದು ಎಚ್ಚರವೂ ಬೇಕು. ತೆಲುಗು, ದಖನಿಗಳ ನಡುವೆ ಫೋನಿನಲ್ಲಿ ಅಪರಿಚಿತನೊಬ್ಬನು ಕನ್ನಡದಲ್ಲಿ ‘ನಮಸ್ಕಾರ ಸಾರ್, ನಮ್ದೂ ರಾಯಚೂರೇ’ ಎಂದೊಡನೆ ಮನಸ್ಸು ಕರಗುವುದು ಸಹಜ. ಭಾಷಾಭಿಮಾನವು ದೊಡ್ಡ ಗುಣ; ಆದರೆ ಅದು ಹಣ ಸಂದುದಕ್ಕೆ ರಸೀದಿಯಲ್ಲ.

ವಸ್ತುವಿನೊಡನೆ ಮನೆಯನ್ನೂ ಮಾರದಿರಿ

ಫೋನೆಂದರೆ ಈಗ ಬೀಗದ ಕೈ, ಪಾಸ್‌ಬುಕ್ಕು, ಕುಟುಂಬದ ಆಲ್ಬಮ್ಮು, ವೈದ್ಯರ ಚೀಟಿಗಳ ಕಡತ ಎಲ್ಲವೂ ಹೌದು. ಮಾರುವ ಮೊದಲು ಬೇಕಾದುದನ್ನು ಬೇರೆಡೆ ನಕಲು ಮಾಡಿಟ್ಟುಕೊಂಡು, ಸಿಮ್ ಮತ್ತು ಮೆಮೊರಿ ಕಾರ್ಡುಗಳನ್ನು ತೆಗೆದು, ಬ್ಯಾಂಕಿನ ಆ್ಯಪ್‌ಗಳಿಂದಲೂ, ಗೂಗಲ್ ಅಥವಾ ಆಪಲ್ ಖಾತೆಯಿಂದಲೂ ಹೊರಬಂದು, ಅನಂತರವೇ ಫ್ಯಾಕ್ಟರಿ ರೀಸೆಟ್ ಮಾಡಬೇಕು. ಖಾತೆಯನ್ನು ತೆಗೆಯದೆ ರೀಸೆಟ್ ಮಾಡಿದರೆ ಫೋನು ಹಳೆಯ ಪಾಸ್‌ವರ್ಡನ್ನೇ ಕೇಳುತ್ತ ಕುಳಿತು, ಕೊಂಡವನು ಜಗಳಕ್ಕೆ ಬರುವನು.

ಹಳೆಯ ಕಂಪ್ಯೂಟರಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ಅದರ ಹಾರ್ಡ್ ಡಿಸ್ಕಿನಲ್ಲಿ ಫೈಲನ್ನು ಅಳಿಸುವುದೆಂದರೆ ಪುಸ್ತಕದ ವಿಷಯಸೂಚಿಯಿಂದ ಒಂದು ಸಾಲನ್ನು ಹೊಡೆದುಹಾಕಿದಂತೆ. ಪುಟಗಳು ಹಾಗೆಯೇ ಇರುತ್ತವೆ, ತಿಳಿದವನು ಓದಬಲ್ಲನು. ಡಿಸ್ಕನ್ನು ಪೂರ್ಣವಾಗಿ ಒರಸಿ ಕೊಡಬೇಕು. ಇಲ್ಲವೇ ಅದನ್ನು ಬಿಚ್ಚಿಟ್ಟುಕೊಂಡು ಉಳಿದುದನ್ನು ಮಾರುವುದು ಲೇಸು. ಟಿ.ವಿ.ಯಲ್ಲಿ ಉಳಿದಿರುವ ಖಾತೆಗಳಿಂದಲೂ ಹೊರಬರುವುದನ್ನು ಮರೆಯಬಾರದು.

ಆರೋಗ್ಯದ ದೃಷ್ಟಿಯಿಂದ ಒಂದು ಮಾತು. ಬ್ಯಾಟರಿಯು ಉಬ್ಬಿರುವ ಫೋನನ್ನಾಗಲಿ ಲ್ಯಾಪ್‌ಟಾಪನ್ನಾಗಲಿ ಮಾರಲೇಬಾರದು. ಲಿಥಿಯಂ ಬ್ಯಾಟರಿಯನ್ನು ಚುಚ್ಚಿದರೆ ಅಥವಾ ಒತ್ತಿದರೆ ಬೆಂಕಿ ಹತ್ತೀತು. ಅದರ ಹೊಗೆಯೂ ವಿಷಕಾರಿ. ಚಾರ್ಜ್ ಮಾಡದೆ, ಮನೆಯ ಕಸದಲ್ಲಿ ಹಾಕದೆ, ಇ-ತ್ಯಾಜ್ಯವನ್ನು ಸ್ವೀಕರಿಸುವ ಅಧಿಕೃತ ಕೇಂದ್ರಕ್ಕೆ ಒಪ್ಪಿಸಬೇಕು.

ಬೆಲೆ, ಭೇಟಿ, ರಸೀದಿ

ಹಿಮಾಯತ್‌ನಗರದವರಿಗೆ ಬೆಲೆ ತಿಳಿಯಲು ದೂರ ಹೋಗಬೇಕಿಲ್ಲ. ಅಬಿಡ್ಸ್‌ನ ಜಗದೀಶ್ ಮಾರ್ಕೆಟ್ಟಿನಲ್ಲಿ ಫೋನುಗಳಿಗೂ, ಸಿಕಂದರಾಬಾದಿನ ಪಾರ್ಕ್ ಲೇನ್‌ನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಕಂಪ್ಯೂಟರುಗಳಿಗೂ ಎರಡು ಮೂರು ಅಂಗಡಿಗಳಲ್ಲಿ ವಿಚಾರಿಸಿದರೆ ಅಂದಾಜು ಸಿಗುವುದು. ಅದಕ್ಕಿಂತ ತೀರ ಹೆಚ್ಚು ಕೊಡುವೆನೆಂಬವನೇ ಸಂಶಯಕ್ಕೆ ಮೊದಲ ಪಾತ್ರ.

ಜಾಹೀರಾತಿನ ಚಿತ್ರದಲ್ಲಿ ಬಿಲ್ಲು, ವಿಳಾಸ, ಐಎಂಇಐ ಸಂಖ್ಯೆಗಳು ಕಾಣದಿರಲಿ. ಗೀರು, ಬಿರುಕು, ದೋಷಗಳನ್ನು ಮುಚ್ಚಿಡದೆ ಬರೆಯುವುದು ಧರ್ಮವೂ ಹೌದು, ಜಾಣತನವೂ ಹೌದು. ಕೊಳ್ಳುಗನನ್ನು ಮನೆಗೆ ಕರೆಯದೆ, ಹಗಲಿನಲ್ಲಿ, ಮುಖ್ಯರಸ್ತೆಯ ಹೋಟೆಲಿನಲ್ಲಿಯೋ ನಾರಾಯಣಗುಡ ಮೆಟ್ರೊ ನಿಲ್ದಾಣದ ಬಳಿಯಲ್ಲಿಯೋ, ಜೊತೆಗೊಬ್ಬರನ್ನು ಕರೆದುಕೊಂಡು ಭೇಟಿಯಾಗುವುದು ಒಳ್ಳೆಯದು. ಟಿ.ವಿ.ಯಂಥ ದೊಡ್ಡ ವಸ್ತುವಾದರೆ ಅದನ್ನು ಕೆಳಮಹಡಿಗೆ ಇಳಿಸಿ, ವಾಚ್‌ಮನ್ನನ ಎದುರಿನಲ್ಲಿ ತೋರಿಸಬಹುದು.

ಫೋನಿನ ಮೇಲೆ *#06# ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆಯು ಕಾಣುವುದು. ಆ ಸಂಖ್ಯೆ, ಕೊಳ್ಳುಗನ ಹೆಸರು, ದೂರವಾಣಿ, ದಿನಾಂಕ, ಮೊತ್ತಗಳನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ ಒಂದೊಂದು ಪ್ರತಿಯನ್ನು ಇಟ್ಟುಕೊಳ್ಳಲಿ. ಮುಂದೆ ಆ ಫೋನು ಯಾವುದಾದರೂ ದುಷ್ಕೃತ್ಯಕ್ಕೆ ಬಳಕೆಯಾದರೆ, ಮೂಲ ಬಿಲ್ಲು ಯಾರ ಹೆಸರಿನಲ್ಲಿದೆಯೋ ಅವರಿಗೆ ಈ ಹಾಳೆಯೇ ರಕ್ಷಣೆ.

ಮೋಸಹೋದಾಗ

2017ರ ಜುಲೈ 6ರ ರಿಸರ್ವ್ ಬ್ಯಾಂಕಿನ ಸುತ್ತೋಲೆಯು ಒಂದು ತತ್ತ್ವವನ್ನು ಸ್ಪಷ್ಟಪಡಿಸಿತು: ಗ್ರಾಹಕನು ತನ್ನ ರಹಸ್ಯ ವಿವರಗಳನ್ನು ಬಿಟ್ಟುಕೊಟ್ಟಂಥ ಅಜಾಗ್ರತೆಯಿಂದ ಆದ ನಷ್ಟವು, ಬ್ಯಾಂಕಿಗೆ ತಿಳಿಸುವವರೆಗೆ ಅವನದೇ, ತಿಳಿಸಿದ ಮೇಲಿನದು ಬ್ಯಾಂಕಿನದು. ಆದುದರಿಂದ ಒಂದೊಂದು ನಿಮಿಷಕ್ಕೂ ಬೆಲೆಯುಂಟು. ಕೂಡಲೇ 1930 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಗೂ ಬ್ಯಾಂಕಿಗೂ ದೂರು ಕೊಟ್ಟರೆ, ಹಣವು ಖಾತೆಯಿಂದ ಖಾತೆಗೆ ಹಾರಿಹೋಗುವ ಮೊದಲೇ ತಡೆಯುವ ಅವಕಾಶವಿರುತ್ತದೆ. ಸಹಾಯವಾಣಿಯ ಸಂಖ್ಯೆಯೂ ಮಾರಾಟ ಕಾಯಿದೆಯ ಇಸವಿಯೂ ಒಂದೇ ಆಗಿರುವುದು ಆಕಸ್ಮಿಕ. ಆದರೆ ನೆನಪಿಡಲು ಅನುಕೂಲ.

ದೂರು ತಡವಾಗಲು ಬಹುಮಟ್ಟಿಗೆ ಕಾರಣ ನಾಚಿಕೆ. ಹಿರಿಯರು ಮಕ್ಕಳ ಮಾತಿಗೆ ಹೆದರಿ ಬಾಯಿಬಿಡದೆ, ಊಟ ನಿದ್ರೆ ಬಿಟ್ಟು, ರಕ್ತದೊತ್ತಡ ಏರಿಸಿಕೊಳ್ಳುವುದುಂಟು. ‘ಇಷ್ಟೂ ತಿಳಿಯಲಿಲ್ಲವೇ?’ ಎಂದು ಮನೆಯವರು ಆಡುವ ಒಂದು ಮಾತು ಹೋದ ಹಣಕ್ಕಿಂತ ಹೆಚ್ಚು ನೋಯಿಸೀತು. ಮೊದಲು ದೂರು, ಬಳಿಕ ಸಮಾಧಾನ, ವಿಚಾರಣೆ ಆಮೇಲೆ ಆಗಲಿ.

‘ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ’ ಎಂಬ ಗಾದೆಯನ್ನು ನಮ್ಮ ಹಿರಿಯರು ಸಾಲದ ವಿಷಯವಾಗಿ ಹೇಳಿದರು. ಹಳೆಯ ವಸ್ತುವನ್ನು ಮಾರುವವನು ಪಡೆಯಬೇಕಾದವನು, ಕೊಡಬೇಕಾದವನಲ್ಲ. ಅಷ್ಟನ್ನು ಮನೆಯ ಎಲ್ಲರೂ ಅರಿತಿದ್ದರೆ ಸಾಕು.