ಬಾಡಿಗೆಯ ಆತಿಥ್ಯ

ನಮಗೆ ಅರವತ್ತು ತುಂಬಿದ ಶಾಂತಿಕರ್ಮವು ಮುಗಿದ ಮೇಲೆ ಚಿರಂಜೀವಿಯು, 'ಎರಡು ದಿವಸ ಸುಖವಾಗಿದ್ದು ಬನ್ನಿ' ಎಂದು ಬೆಂಗಳೂರಿನ ಮಲ್ಲೇಶ್ವರದ ಒಂದು ಹೋಟೆಲಿನಲ್ಲಿ ಕೊಠಡಿಯನ್ನು ಗೊತ್ತುಮಾಡಿದನು. ಹೋಟೆಲೆಂದರೆ ಕಾಫಿ ಕುಡಿದು ಏಳುವ ಸ್ಥಳವೆಂದೇ ತಿಳಿದಿದ್ದ ನಮಗೆ ಇದು ಹೊಸ ಅನುಭವ. ವಾಚಕರಲ್ಲಿಯೂ ಅನೇಕರಿಗೆ ಹೊಸದಾಗಿರಬಹುದಾದುದರಿಂದ ಇಲ್ಲಿ ನಿವೇದಿಸುತ್ತೇವೆ.

ಇಂಥವುಗಳಿಗೆ 'ಬೊಟೀಕ್' ಹೋಟೆಲೆಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಬೊಟೀಕ್ ಎಂದರೆ ಸಣ್ಣ ಅಂಗಡಿ; ಇದರ ಮೂಲವು ಉಗ್ರಾಣವೆಂಬರ್ಥದ ಗ್ರೀಕ್ ಶಬ್ದ. 1984ರಲ್ಲಿ ನ್ಯೂಯಾರ್ಕಿನಲ್ಲಿ ಮಾರ್ಗನ್ಸ್ ಎಂಬ ಹೋಟೆಲು ತೆರೆದಾಗ, ಅದರ ಒಡೆಯರಲ್ಲೊಬ್ಬರಾದ ಸ್ಟೀವ್ ರುಬೆಲ್ ಎಂಬವರು ದೊಡ್ಡ ಹೋಟೆಲುಗಳನ್ನು ಸಕಲ ಸರಕಿನ ಮಳಿಗೆಗೂ ತಮ್ಮದನ್ನು ಆಯ್ದ ಸರಕಿನ ಅಂಗಡಿಗೂ ಹೋಲಿಸಿದರು. ಆ ಹೆಸರೇ ರೂಢಿಯಾಯಿತು. ಕೊಠಡಿಗಳು ಕೆಲವೇ, ಒಂದರಂತೆ ಇನ್ನೊಂದಿರದು, ಬಂದವರನ್ನು ಹೆಸರು ಹಿಡಿದು ಮಾತನಾಡಿಸುವರು. ನಮ್ಮ ದೇಶದಲ್ಲಿ ಎಷ್ಟೋ ಹಳೆಯ ಮನೆಗಳು ಈ ರೂಪವನ್ನು ತಾಳಿವೆ.

ಮಲ್ಲೇಶ್ವರವು ಇದಕ್ಕೆ ತಕ್ಕ ಸ್ಥಳವೇ ಸರಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು, ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಬಹುಜನರು ಮಡಿದ ತರುವಾಯ, ಗಾಳಿ ಬೆಳಕುಗಳಿಗೆಂದು ನಿರ್ಮಿಸಿದ ಬಡಾವಣೆಗಳೇ ಬಸವನಗುಡಿ ಮತ್ತು ಮಲ್ಲೇಶ್ವರ. ಹದಿನೇಳನೆಯ ಶತಮಾನದ ಕಾಡುಮಲ್ಲೇಶ್ವರ ದೇವಾಲಯದಿಂದ ಈ ಹೆಸರು ಬಂದಿತು. ನೇರವಾದ ಅಡ್ಡರಸ್ತೆಗಳು, ಮನೆಗಳ ಹಿಂದೆ ಕಸ ಸಾಗಿಸುವ ಓಣಿಗಳು, ಸುತ್ತಲೂ ಮರಗಿಡಗಳು—ಇವು ಅಂದಿನ ಏರ್ಪಾಡು.

ನಾವು ಇಳಿದ ಮನೆಯೂ ಆ ಕಾಲದ ಬಂಗಲೆಯೇ. ಕೆಂಪು ಗಾರೆಯ ನೆಲವು ಕನ್ನಡಿಯಂತಿತ್ತು. ತೇಗದ ಬಾಗಿಲು, ಜಗಲಿಯಲ್ಲಿ ತೂಗುಮಣೆ, ಅಂಗಳದಲ್ಲಿ ಮಾವಿನ ಮರ. ಹೊರಗೆ ಸಂಪಿಗೆ ರಸ್ತೆಯ ಗದ್ದಲವು ಎಷ್ಟಿದ್ದರೂ ಒಳಗೆ ಅಳಿಲಿನ ಕೂಗು ಕೇಳುವಷ್ಟು ನಿಶ್ಶಬ್ದ. ಹಾಸಿಗೆಯ ಮೃದುತ್ವದಿಂದ ಮೊದಲ ರಾತ್ರಿ ನಮಗೆ ನಿದ್ರೆಯೇ ಬರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಒಂದು ರಾತ್ರಿಯ ಬಾಡಿಗೆಯನ್ನು ಕೇಳಿ ಗೃಹಿಣಿಯು ಬೆರಗಾದಳು. 1986ರಲ್ಲಿ ಉಪಾಧ್ಯಾಯರಾದ ನಾವು ಮೊದಲ ವರ್ಷವೆಲ್ಲ ದುಡಿದುದು ಹೆಚ್ಚುಕಡಿಮೆ ಅಷ್ಟೇ.

ಒಳಗೆ ಪ್ರವೇಶ ಮಧ್ಯಾಹ್ನ ಎರಡು ಗಂಟೆಗೆ. ತೆರಪು ಮಾಡುವುದು ಹನ್ನೊಂದಕ್ಕೆ. ಬರುವುದಕ್ಕೆ ಗೊತ್ತಾದ ತಿಥಿಯಿಲ್ಲದವನು ಅತಿಥಿ ಎಂದು ನಾವು ಮಕ್ಕಳಿಗೆ ಹೇಳಿಕೊಟ್ಟವರು. ಒಂದೇ ರಾತ್ರಿ ತಂಗುವವನು ಅತಿಥಿಯೆಂದು ಮನುಸ್ಮೃತಿಯ ನಿರ್ವಚನ. ನಮಗೋ ತಿಥಿಯೂ ಗಂಟೆಯೂ ನಿಗದಿ, ರಾತ್ರಿಗಳು ಎರಡು. ಯಾವ ಲಕ್ಷಣದಿಂದಲೂ ನಾವು ಅತಿಥಿಗಳಾಗಲಿಲ್ಲ.

ಎರಡನೆಯ ಸಂಜೆ ನಮ್ಮ ಸಹಪಾಠಿಯಾಗಿದ್ದ ಹಳೆಯ ಮಿತ್ರರೊಬ್ಬರು, ನಾಲ್ಕು ಬೀದಿಗಳಾಚೆ ವಾಸಿಸುವವರು, ಹೇಳದೆ ಕೇಳದೆ ಬಂದುಬಿಟ್ಟರು. ಭೇಟಿಗೆ ಬಂದವರು ಕೊಠಡಿಗೆ ಹೋಗುವಂತಿಲ್ಲವೆಂದೂ ಊಟಕ್ಕೆ ಮುಂಚಿತವಾಗಿ ತಿಳಿಸಬೇಕೆಂದೂ ಅಲ್ಲಿನ ಯುವಕನು ವಿನಯದಿಂದಲೇ ಹೇಳಿದನು. ಬಾಗಿಲಿಗೆ ಬಂದವರಿಗೆ ಒಂದು ಲೋಟ ನೀರು ಕೊಡುವುದಕ್ಕೂ ಇನ್ನೊಬ್ಬರನ್ನು ಕೇಳಬೇಕಾಯಿತು. ಮೂವತ್ತೈದು ವರ್ಷ ಸಂಸಾರ ಮಾಡಿದ ಗೃಹಿಣಿಯ ಮುಖವು ಬಾಡಿತು. ಮಿತ್ರರು ನಕ್ಕು, 'ಏಳಿ, ಮನೆಗೆ ಹೋಗೋಣ' ಎಂದರು. ಅಲ್ಲಿ ಅವರ ಮಡದಿಯು ನಮ್ಮನ್ನು ಕಂಡು, ಒಲೆಯ ಮೇಲಿದ್ದ ಸಾರಿಗೆ ಇನ್ನೆರಡು ಸೌಟು ನೀರು ಬೆರೆಸಿ ಎಲೆ ಹಾಕಿದರು.

ಆ ಹೋಟೆಲಿನವರನ್ನು ದೂರುವುದು ನ್ಯಾಯವಲ್ಲ. ಅವರು ಸೌಖ್ಯವನ್ನು ಮಾರುವವರು. ತೂಕದಲ್ಲಿ ಮೋಸ ಮಾಡಲಿಲ್ಲ. ಅವರಿಲ್ಲದಿದ್ದರೆ ಆ ಬಂಗಲೆಯೂ ನೆರೆಯವುಗಳಂತೆ ಉರುಳಿ, ಅಂತಸ್ತುಗಳ ಕಟ್ಟಡವು ಎದ್ದಿರುತ್ತಿತ್ತು.

ಹಿಂದಿರುಗುವಾಗ ರೈಲಿನಲ್ಲಿ ಗೃಹಿಣಿಯು ಮೆಲ್ಲನೆ ಒಂದು ಮಾತನ್ನು ನೆನಪಿಸಿದಳು. ಹೋದ ವರ್ಷ ನಮ್ಮ ಹಳೆಯ ಶಿಷ್ಯನೊಬ್ಬನು ಊಟದ ಹೊತ್ತಿಗೆ ಬಂದಿದ್ದನು. ನಾವು ಬಡಿಸಿದೆವು, ನಿಜ. ಆದರೆ ಹೊರಡುವಾಗ, 'ಇನ್ನು ಮೇಲೆ ಫೋನು ಮಾಡಿ ಬಾರಪ್ಪ' ಎಂದೆವು. ಆಮೇಲೆ ಅವನು ಬರಲೂ ಇಲ್ಲ, ಫೋನು ಮಾಡಲೂ ಇಲ್ಲ. ನಮ್ಮ ಮನೆಗೂ ನಾವೇ ಗಂಟೆಯನ್ನು ಗೊತ್ತುಮಾಡಿದ್ದೆವು. ಬಾಡಿಗೆಯೊಂದನ್ನು ಕೇಳಿರಲಿಲ್ಲ, ಅಷ್ಟೆ.

ಊರು ಸೇರಿದ ದಿನವೇ ಅವನಿಗೆ ಕಾಗದ ಬರೆದೆವು. ಬರುವ ದಿನವನ್ನು ಕೇಳಲಿಲ್ಲ.