ಕಿತ್ತಳೆ ಚೌಕದ ಹಿಂದಿನ ಕತೆ

1999ರ ಮಾರ್ಚ್‌ನಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ‘ಮೈ ನೆಟ್‌ಸ್ಕೇಪ್’ ಪುಟಕ್ಕಾಗಿ ಒಂದು ಪುಟ್ಟ ಕಡತದ ನಮೂನೆಯನ್ನು ಹೊರತಂದಿತು. ಜಾಲತಾಣದವರು ತಮ್ಮ ಹೊಸ ಬರಹಗಳ ಶೀರ್ಷಿಕೆ, ಕೊಂಡಿಗಳನ್ನು ಆ ನಮೂನೆಯಲ್ಲಿ ಬರೆದಿಟ್ಟರೆ ಸಾಕಿತ್ತು. ಅದನ್ನು ಬಯಸಿದ ಓದುಗರ ಪುಟದಲ್ಲಿ ನೆಟ್‌ಸ್ಕೇಪ್ ತಂದು ಜೋಡಿಸುತ್ತಿತ್ತು. ರೂಪಿಸಿದವರು ಡ್ಯಾನ್ ಲಿಬಿ ಮತ್ತು ರಾಮನಾಥನ್ ಗುಹಾ. ಗುಹಾ ಮದ್ರಾಸ್ ಐಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದವರು. ಇಂದು ಆರ್‌ಎಸ್‌ಎಸ್ ಫೀಡ್ ಎಂದು ನಾವು ಕರೆಯುವ ತಂತ್ರ ಹುಟ್ಟಿದ್ದು ಹೀಗೆ.

ಹುಟ್ಟಿಸಿದ ಕಂಪನಿ ಬಹಳ ಕಾಲ ಅದನ್ನು ಸಾಕಲಿಲ್ಲ. ಅಷ್ಟರಲ್ಲಿ ಆ ಕಂಪನಿಯೇ ಬೇರೆಯವರ ಕೈ ಸೇರಿತ್ತು. ತನ್ನದೇ ಇಂಥದೊಂದು ನಮೂನೆಯನ್ನು 1997ರಲ್ಲೇ ಮಾಡಿಕೊಂಡಿದ್ದ ಡೇವ್ ವೈನರ್ ನೆಟ್‌ಸ್ಕೇಪ್‌ನ ನಮೂನೆಯನ್ನು ಮುಂದುವರಿಸಿದರು. ಗುಹಾ ಸೇರಿದಂತೆ ಇನ್ನೊಂದು ಗುಂಪು ಬೇರೆ ದಾರಿ ಹಿಡಿಯಿತು. ಅದರಲ್ಲಿ ಆರನ್ ಸ್ವಾರ್ಟ್ಜ್ ಎಂಬ 14 ವರ್ಷದ ಹುಡುಗನೂ ಇದ್ದ. 2000ದ ಡಿಸೆಂಬರ್‌ನಲ್ಲಿ ಎರಡೂ ಕಡೆಯವರು ಒಂದೇ ಹೆಸರಿನ ಎರಡು ಆವೃತ್ತಿಗಳನ್ನು ಬಿಡುಗಡೆ ಮಾಡಿದರು. 2002ರಲ್ಲಿ ವೈನರ್ ತಂದ 2.0 ಹೆಚ್ಚು ಬಳಕೆಗೆ ಬಂತು. ಮರುವರ್ಷ ಅದರ ಹಕ್ಕು ಹಾರ್ವರ್ಡ್‌ನ ಬರ್ಕ್‌ಮನ್ ಕೇಂದ್ರಕ್ಕೆ ಹೋಯಿತು. 2005ರಲ್ಲಿ ‘ಆಟಂ’ ಎಂಬ ಇನ್ನೊಂದು ನಮೂನೆಯೂ ಅಧಿಕೃತ ಮಾನದಂಡವಾಯಿತು. ಜಗಳ ಕಹಿಯಾಗಿಯೇ ಇತ್ತು. ಆದರೂ ಅದರಿಂದ ಓದುಗರಿಗೆ ಒಳ್ಳೆಯದೇ ಆಯಿತೆಂದು ನನ್ನ ಎಣಿಕೆ: ಫೀಡ್ ಯಾವ ಒಂದು ಕಂಪನಿಯ ಸ್ವತ್ತೂ ಆಗಲಿಲ್ಲ.

ಫೀಡ್ ಕೆಲಸ ಮಾಡುವ ರೀತಿಯಲ್ಲೇ ಅದರ ಗುಣವಿದೆ. ನೀವು ಚಂದಾದಾರರಾದ ತಾಣವನ್ನು ಫೀಡ್ ರೀಡರ್ ಆಗಾಗ ವಿಚಾರಿಸುತ್ತದೆ: ಕಳೆದ ಸಲ ಬಂದು ಹೋದ ಮೇಲೆ ಏನಾದರೂ ಬದಲಾಗಿದೆಯೇ? ಬದಲಾಗಿಲ್ಲವೆಂದರೆ ತಾಣದ ಸರ್ವರ್ 304 ಎಂಬ ಸಂಕೇತ ಕೊಟ್ಟು ಸುಮ್ಮನಾಗುತ್ತದೆ. ಬದಲಾಗಿದ್ದರೆ ಹೊಸ ಕಡತ ಕೊಡುತ್ತದೆ. ಇಮೇಲ್ ವಿಳಾಸ ಬೇಡ, ಮೊಬೈಲ್ ನಂಬರ್ ಬೇಡ. ನೀವು ಯಾವುದನ್ನು ಎಷ್ಟು ಹೊತ್ತು ನೋಡಿದಿರಿ ಎಂದು ಲೆಕ್ಕವಿಟ್ಟು ಮುಂದಿನ ಬರಹವನ್ನು ಆರಿಸುವ ಏರ್ಪಾಡು ಈ ತಂತ್ರದೊಳಗೆ ಇಲ್ಲವೇ ಇಲ್ಲ. ಬೇಡವಾದ ದಿನ ಪಟ್ಟಿಯಿಂದ ತೆಗೆದುಹಾಕಿದರೆ ಸಂಬಂಧ ಮುಗಿಯಿತು. ದಿನವೂ ಹತ್ತು ಸುದ್ದಿ ಹಾಕುವ ತಾಣಕ್ಕಿಂತ, ಆರು ತಿಂಗಳಿಗೊಮ್ಮೆ ಬರೆಯುವ ಒಬ್ಬ ಒಳ್ಳೆಯ ಲೇಖಕಿಯನ್ನು ಓದುವುದಕ್ಕೆ ಇದು ಹೇಳಿ ಮಾಡಿಸಿದ ದಾರಿ. ಆಕೆ ಬರೆದದ್ದು ಕಣ್ತಪ್ಪಿ ಹೋಗುವುದಿಲ್ಲ.

ವೈನರ್ ಆವೃತ್ತಿಯಲ್ಲಿ ಧ್ವನಿ ಕಡತವನ್ನು ಲಗತ್ತಿಸುವುದಕ್ಕೂ ಜಾಗವಿತ್ತು. ಪಾಡ್‌ಕಾಸ್ಟ್ ಹುಟ್ಟಿದ್ದು ಅಲ್ಲಿಂದಲೇ. ಫೀಡ್ ಎಂಬ ಮಾತನ್ನೇ ಕೇಳದವರೂ ಇವತ್ತು ಪಾಡ್‌ಕಾಸ್ಟ್ ಆ್ಯಪ್‌ಗಳ ಮೂಲಕ ಅದರ ಚಂದಾದಾರರು.

ಕನ್ನಡಕ್ಕೆ ಇಲ್ಲೊಂದು ತೊಡಕಿತ್ತು. ಯೂನಿಕೋಡ್ ಬಳಕೆ ಹರಡುವ ಮೊದಲು ನಮ್ಮ ಅನೇಕ ತಾಣಗಳು ತಮ್ಮದೇ ಫಾಂಟ್‌ಗಳನ್ನು ನೆಚ್ಚಿಕೊಂಡಿದ್ದವು. ಫೀಡ್ ಹೊತ್ತು ತರುವುದು ಬರೀ ಪಠ್ಯವನ್ನು, ಫಾಂಟನ್ನಲ್ಲ. ಹಾಗಾಗಿ ಅಂಥ ಬರಹಗಳು ರೀಡರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿದ್ದವು. ಯೂನಿಕೋಡ್‌ನಲ್ಲಿ ಬರೆದ ಬ್ಲಾಗಿಗರ ಮಾತು ಮಾತ್ರ ಎಲ್ಲಿ ತೆರೆದರೂ ಕನ್ನಡವಾಗಿಯೇ ತೆರೆದುಕೊಂಡಿತು.

2005ರ ಅಕ್ಟೋಬರ್‌ನಲ್ಲಿ ಬಂದ ಗೂಗಲ್ ರೀಡರ್ ಉಚಿತವಾಗಿತ್ತು, ಚುರುಕಾಗಿತ್ತು. ಪೈಪೋಟಿಯ ರೀಡರ್‌ಗಳು ಅದರೆದುರು ಸೊರಗಿದವು. ಬಳಕೆ ಇಳಿಮುಖವಾಗಿದೆಯೆಂದು 2013ರ ಮಾರ್ಚ್‌ನಲ್ಲಿ ಹೇಳಿದ ಗೂಗಲ್, ಜುಲೈ 1ಕ್ಕೆ ಅದನ್ನು ಮುಚ್ಚುವುದಾಗಿ ಪ್ರಕಟಿಸಿತು. ಫೀಡ್ಲಿ ಎಂಬ ರೀಡರ್‌ಗೆ ಎರಡೇ ದಿನಗಳಲ್ಲಿ ಐದು ಲಕ್ಷ ಜನ ವಲಸೆ ಬಂದರೆಂದು ಅದರವರೇ ತಿಳಿಸಿದರು. ಹಾಗೆ ಗುಳೆ ಹೋಗುವವರ ಕೈಹಿಡಿದದ್ದು ಓಪಿಎಂಎಲ್ ಎಂಬ ಇನ್ನೊಂದು ಸಣ್ಣ ಕಡತ. ನೀವು ಚಂದಾದಾರರಾದ ಅಷ್ಟೂ ತಾಣಗಳ ವಿಳಾಸಪಟ್ಟಿ ಅದರಲ್ಲಿರುತ್ತದೆ. ಅದು ಕೈಲಿದ್ದವರು ಹೊಸ ರೀಡರ್‌ನಲ್ಲಿ ತಮ್ಮ ಓದನ್ನು ಅಂದೇ ಮುಂದುವರಿಸಿದರು.

ರೀಡರ್ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ: ಓಪಿಎಂಎಲ್ ಪಟ್ಟಿಯನ್ನು ಹೊರತೆಗೆಯಲು ಬಿಡುತ್ತದೆಯೇ? ಬಿಡದಿದ್ದರೆ ಅಂದಚೆಂದ ಎಷ್ಟಿದ್ದರೂ ಬೇಡ. ಫೋನ್ ಒಂದರಲ್ಲೇ ಓದುವವರಿಗೆ ಆಂಡ್ರಾಯ್ಡ್‌ನಲ್ಲಿ ಫೀಡರ್, ಐಫೋನ್‌ನಲ್ಲಿ ನೆಟ್‌ನ್ಯೂಸ್‌ವೈರ್ ಇವೆ. ಎರಡೂ ಉಚಿತ, ಮುಕ್ತ ತಂತ್ರಾಂಶ. ಫೋನ್‌ನಲ್ಲಿ ಓದಿದ್ದು ಕಂಪ್ಯೂಟರ್‌ನಲ್ಲೂ ಓದಿದ್ದೆಂದೇ ತೋರಬೇಕಾದರೆ ಫೀಡ್ಲಿ, ಇನೋರೀಡರ್‌ನಂಥ ಸೇವೆ ಬೇಕಾಗುತ್ತದೆ. ಸ್ವಂತ ಸರ್ವರ್ ನಡೆಸಬಲ್ಲವರಿಗೆ ಫ್ರೆಶ್‌ಆರ್‌ಎಸ್‌ಎಸ್ ಇದೆ.

ಫೀಡ್ ಗುರುತಿನ ಆ ಕಿತ್ತಳೆ ಚೌಕವನ್ನು ಎಷ್ಟೋ ತಾಣಗಳು ಈಗ ತೋರಿಸುವುದಿಲ್ಲ. 2018ರಲ್ಲಿ ಫೈರ್‌ಫಾಕ್ಸ್ ಕೂಡ ಫೀಡ್ ಓದುವ ಸೌಲಭ್ಯವನ್ನು ಕಿತ್ತುಹಾಕಿತು. ಆದರೂ ಫೀಡ್ ಬಹುಪಾಲು ಕಡೆ ಇದ್ದೇ ಇದೆ. ತಾಣದ ವಿಳಾಸವನ್ನು ರೀಡರ್‌ಗೆ ಕೊಟ್ಟರೆ ಸಾಮಾನ್ಯವಾಗಿ ಅದೇ ಹುಡುಕಿಕೊಳ್ಳುತ್ತದೆ. ವರ್ಡ್‌ಪ್ರೆಸ್‌ನಲ್ಲಿ ನಡೆಯುವ ತಾಣವಾದರೆ ವಿಳಾಸದ ಕೊನೆಗೊಂದು ಓರೆಗೆರೆ ಹಾಕಿ ಇಂಗ್ಲಿಷಿನಲ್ಲಿ ಫೀಡ್ ಎಂದು ಸೇರಿಸಿ ನೋಡಿ.